ಗಡಿಪಾರಾದ ಗುರುವಿನ ಶಿಷ್ಯ, ನಮ್ಮ ಬಾಡಿಗೆದಾರ

ಹೋದ ವಾರ ಲಕ್ಷ್ಮೇಶ್ವರದಲ್ಲಿ, ಎಲ್ಲಿ ತಪ್ಪೀತೋ ಎಂದು ಬಸ್ಸಿಗಿಂತ ಒಂದು ತಾಸು ಮೊದಲೇ ಹೋಗಿ ನಿಂತಿದ್ದೆ. ಎದುರಿನ ಬೇಕರಿಯಿಂದ ನಾನಕಟಾಯಿ ಬೇಯುವ ವಾಸನೆ ಬಂತು. ತುಪ್ಪ, ಯಾಲಕ್ಕಿ, ಅದರ ಹಿಂದೆ ಎಲ್ಲೋ ಒಂದು ಹನಿ ಗುಲಾಬಿ ನೀರು… ನಾನಕಟಾಯಿಗೆ ಗುಲಾಬಿ ನೀರು ಹಾಕುವವರು ನನಗೆ ಗೊತ್ತಿದ್ದದ್ದು ಒಬ್ಬರೇ. ನಮ್ಮ ಬೇಕರಿ ಕಾಕಾ.

ಬೆಟಗೇರಿಯ ನಮ್ಮ ಮನೆಯ ಮುಂದಿನ ಎರಡು ಖೋಲಿ ಬಾಡಿಗೆ ಹಿಡಿದು ಅಲ್ಲೇ ಭಟ್ಟಿ ಹಾಕಿದ್ದರು. ಹುಟ್ಟಿದ್ದು ಬೆಳ್ಳಟ್ಟಿಯ ಒಕ್ಕಲುತನದ ಮನೆಯಲ್ಲಿ. ಹರೆಯದಲ್ಲಿ ಪುಣೆಗೆ ಹೋಗಿ ಇರಾನಿಯೊಬ್ಬರ ಬೇಕರಿಯಲ್ಲಿ ಭಟ್ಟಿಯ ಕೆಲಸ ಕಲಿತು, ಅದರ ಜೊತೆಗೆ ಆ ಮಾಲಕರ ಬಹಾಯಿ ಧರ್ಮವನ್ನೂ ತಂದಿದ್ದರು. ರವಿವಾರ ಸಂಜೆ ಜಮಖಾನೆ ಹಾಸಿ ಪ್ರಾರ್ಥನೆ. ಪೂಜಾರಿ ಇಲ್ಲ, ಮುಲ್ಲಾ ಇಲ್ಲ. ಯಾವ ಜಾತಿಯವರೂ ಬಂದು ಕೂಡಬಹುದಿತ್ತು. ಮಾರ್ಚಿನ ಬಿಸಿಲಿನಲ್ಲಿ ಹೊತ್ತು ಮುಳುಗುವತನಕ ಹನಿ ನೀರು ಕುಡಿಯದೆ ಭಟ್ಟಿಯ ಮುಂದೆ ನಿಲ್ಲುತ್ತಿದ್ದರು. "ಶಿವರಾತ್ರಿ ಅಲ್ಲ, ರಂಜಾನ ಅಲ್ಲ, ಇದ್ಯಾವ ಉಪಾಸೋ ತಮ್ಮಾ," ಎಂದು ಅವ್ವ ಗೊಣಗುತ್ತಿದ್ದಳು.

ಒಂದು ದಿನ ಮೂಲೆಮನೆಯ ಯಜಮಾನರು ಎಲ್ಲಿಂದಲೋ ಖಬರು ತಂದರು. ಕಾಕಾನ ಧರ್ಮ ಹುಟ್ಟಿಸಿದವರನ್ನು ನಾಲ್ಕು ಸಲ ಗಡಿಪಾರು ಮಾಡಿದ್ದರಂತೆ. ನಮ್ಮ ಓಣಿಗೆ ಗೊತ್ತಿದ್ದ ಗಡಿಪಾರು ಒಂದೇ: ಮಟಕಾದವರನ್ನು, ಹೊಡೆದಾಟದವರನ್ನು ಪೊಲೀಸರು ಜಿಲ್ಲೆಯಾಚೆ ದಬ್ಬುವುದು.

"ಒಂದ ಸಲಾ ಅಂದ್ರ ತಪ್ಪಿ ಆಗಿರಬಹುದವ್ವಾ. ನಾಕ ಸಲಾ ಅಂದ್ರ ಪಕ್ಕಾ ರೌಡಿನ. ಇಂವನ ಖೋಲಿ ಖಾಲಿ ಮಾಡಸ್ರಿ," ಎಂದರು.

ನನಗೆ ಆಗಷ್ಟೇ ಸರಕಾರಿ ಗುಮಾಸ್ತನ ನೌಕರಿ ಸಿಕ್ಕಿತ್ತು. ಪೊಲೀಸರು ಮನೆಗೆ ಬಂದು ವಿಚಾರಿಸಿಕೊಂಡು ಹೋಗುವುದೊಂದು ಬಾಕಿ. ಮನೆಯ ಮುಂದೆಯೇ ರೌಡಿಯ ಶಿಷ್ಯ! ನನಗೆ ಊಟ ಸೇರದಾಯಿತು. ನಾನಕಟಾಯಿ ಸೇರುತ್ತಿತ್ತು, ಆ ಮಾತು ಬೇರೆ.

ಅವ್ವ ಕಾಕಾನನ್ನೇ ಕರೆಸಿದಳು.

"ನಿಮ್ಮ ಗುರುನ್ನ ಗಡಿಪಾರ ಮಾಡಿದ್ದು ಖರೇನೋ?"

"ಖರೇರಿ ಅವ್ವಾರ."

ಒಂದು ಸುಳ್ಳು ಹೇಳಬಾರದೇ ಈ ಮನುಷ್ಯ ಎಂದು ನಾನು ಬಾಗಿಲ ಹಿಂದೆ ಬೆವರಿದೆ.

"ಕಳವು ಮಾಡಿದ್ನ?"

"ಇಲ್ರಿ."

"ಕೊಲಿ?"

"ಅಯ್ಯ, ಇಲ್ರಿ."

ಕಾಕಾ ಹಿಟ್ಟಿನ ಕೈ ಒರೆಸಿಕೊಂಡು ಕುಂತು ಹೇಳಿದರು. ಇರಾನಿನಲ್ಲಿ ಮೊದಲು ಒಬ್ಬ ತರುಣ ಹೊಸ ಕಾಲ ಬಂತು ಎಂದು ಸಾರಿದ. ಅವನನ್ನು ಗುಂಡಿಕ್ಕಿ ಕೊಂದರು. ಆ ಸಂಕಟದಲ್ಲಿ ತಲೆ ಕೆಟ್ಟ ಅವನ ಕಡೆಯ ಕೆಲವರು ರಾಜನ ಮೇಲೆ ಗುಂಡು ಹಾರಿಸಿದರು. ಅದರಲ್ಲಿ ಕೈಯಿಲ್ಲದಿದ್ದರೂ, ಆ ತರುಣನನ್ನು ನಂಬಿದ್ದ ಕಾಕಾನ ಗುರುವನ್ನು ನೆಲದಡಿಯ ಕತ್ತಲ ಜೈಲಿಗೆ ಹಾಕಿದರು. ತಪ್ಪು ಸಿಗಲಿಲ್ಲ, ಸುಮ್ಮನೆ ಬಿಡಲು ಧೈರ್ಯವೂ ಆಗಲಿಲ್ಲ, ದೇಶ ಬಿಡಿಸಿದರು. ಆಗ ತುರ್ಕಿಯ ಕೈಕೆಳಗಿದ್ದ ಬಾಗ್ದಾದಿಗೆ ಹೋದರೆ ಅಲ್ಲಿಯೂ ಮಂದಿ ಕೂಡಿತು. ನಮ್ಮ ಗಡಿಗೆ ಬಹಳ ಹತ್ತಿರವಾಯಿತು, ಇನ್ನೂ ದೂರ ಒಯ್ಯಿರಿ ಎಂದು ಇರಾನಿನವರು ತುರ್ಕಿಯ ಸುಲ್ತಾನನಿಗೆ ದುಂಬಾಲು ಬಿದ್ದರು. ಇಸ್ತಾಂಬುಲ್, ಎಡಿರ್ನೆ, ಕಡೆಗೆ ಸಮುದ್ರದ ದಂಡೆಯ ಅಕ್ಕಾ… ನೀರು ಕೆಟ್ಟ, ಗಾಳಿ ಕೆಟ್ಟ ಜೈಲೂರು. ಅಲ್ಲಿಯೇ ಮುಗಿದುಹೋಗಲಿ ಎಂದು.

"ಅಂಥಾದ್ದೇನ ಅಂದಿದ್ರೋ ಅವರು?" ಅವ್ವನ ಬಾಯಲ್ಲಿ ಗೌರವ ಬಂದಿತ್ತು.

"ಮನಷ್ಯಾರೆಲ್ಲಾ ಒಂದ, ಧರ್ಮದ ಮೂಲಾನೂ ಒಂದ, ಈ ಕಾಲಕ್ಕ ದೇವರು ಹೊಸ ಮಾತು ಕಳಿಸ್ಯಾನ ಅಂದ್ರು."

"ಇಷ್ಟಕ್ಕ?"

"ಇದು ಸಣ್ಣದೇನ್ರಿ? ಮಂದಿ ನಂಬಿದ್ರ ಮುಲ್ಲಾನ ಮಾತು ಕೇಳಾವ್ರು ಯಾರು, ರಾಜಾಗ ಬಗ್ಗಾವ್ರು ಯಾರು? ಅಂಜಿದ್ರರಿ ಅವರು. ಅಂಜಿದವರು ಏನ ಬೇಕಾದ್ರೂ ಮಾಡ್ತಾರ."

ಅಂಜಿಕೆಯ ಮಾತು ಬಂದಾಗ ಅವ್ವ ಬಾಗಿಲ ಕಡೆ ನೋಡಿದ್ದು ಯಾಕೋ ನನಗೆ ಸರಿಬರಲಿಲ್ಲ.

ಮರುದಿನ ಅವ್ವ ಮೂಲೆಮನೆಗೆ ನಡೆದಳು. ಅವ್ವನನ್ನು ತಡೆಯಲು ಹೋಗಿ, ತಡೆಯಲಾರದೆ ನಾನೂ ಹಿಂದೆ.

"ಯಜಮಾನ್ರ, ರಾಜಾರು ಅವರನ್ನ ನಾಕ ಊರು ತಪ್ಪಿಸಿ ಏನ ಗಳಿಸಿದ್ರು? ಅವರ ಮಾತು ನಮ್ಮ ಬೆಟಗೇರಿತನಾ ಬಂತು. ಈ ತಮ್ಮನ್ನ ಹೊರಗ ಹಾಕಿದ್ರ ಇನ್ನ ಎಲ್ಲೆಲ್ಲಿ ಹೋಗತೈತೋ! ಇಲ್ಲೇ ಇರ್ಲಿ ಬಿಡ್ರಿ, ಕಣ್ಣ ಮುಂದ ಇರತೈತಿ."

ಖೋಲಿ ಉಳಿಯಿತು. ಕೆಲದಿನದಲ್ಲಿ ವಿಚಾರಣೆಗೆ ಪೊಲೀಸಪ್ಪನೂ ಬಂದ. ನಾನು ಇರಾನಿನಿಂದ ಶುರುಮಾಡಿ ಎಲ್ಲ ಒಪ್ಪಿಕೊಳ್ಳಬೇಕೆನ್ನುವಷ್ಟರಲ್ಲಿ ಆತ ಕೇಳಿದ್ದು ಒಂದೇ: "ಈ ನಾನಕಟಾಯಿ ಯಾರ ಮಾಡಿದ್ದು?"

ಕಾಕಾನನ್ನು ಕಡೆಗೆ ಹೊರಗೆ ಹಾಕಿದ್ದು ಧರ್ಮವಲ್ಲ, ರಸ್ತೆ ಅಗಲೀಕರಣ. ಮುಂದಿನ ಖೋಲಿಗಳು ಹೋದವು. ಅಷ್ಟರೊಳಗೆ ಅವ್ವನೂ ಹೋಗಿದ್ದಳು. ಭಟ್ಟಿಯ ತಗಡುಗಳನ್ನು ಟೆಂಪೋಕ್ಕೆ ಹೇರಿಸಿ ಕಾಕಾ ನಕ್ಕರು. "ಬೆಟಗೇರಿ ನನ್ನ ಬಾಗ್ದಾದ ಆತು ನೋಡಪಾ. ಮುಂಡರಗಿಗೆ ಬಾ. ಜಲ್ದಿ ಬಾ."

ಹೋಗಬೇಕೆಂದೇ ಇತ್ತು. ಮಳೆ ಬಂದೀತು, ಅವರು ಊರಲ್ಲಿ ಇರಲಿಕ್ಕಿಲ್ಲ, ಬರಿಗೈಲಿ ಹೇಗೆ ಹೋಗುವುದು… ಹೀಗೇ ವರ್ಷಗಳು.

ರಸ್ತೆ ದಾಟಿ ಬೇಕರಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹೆಣ್ಣುಮಗಳನ್ನು ಕೇಳಿದೆ, "ಗುಲಾಬಿ ನೀರು ಹಾಕಾಕ ಯಾರು ಕಲಿಸಿದ್ರವಾ?"

"ಮುಂಡರಗ್ಯಾಗ ಒಬ್ಬ ಅಜ್ಜಾರಿದ್ರರಿ. ಯಾರ ಹೋದ್ರೂ ಕಲಿಸ್ತಿದ್ರು. ಹ್ವಾದ ವರ್ಷ ತೀರಕೊಂಡ್ರು… ನಿಮಗ ಗುರುತೇನ್ರಿ?"

ಹೌದೆಂದು ತಲೆಯಾಡಿಸಿದೆ. ಎಲ್ಲಾ ಕಡೆ ಒಂದು ತಾಸು ಮೊದಲೇ ಹೋಗಿ ನಿಲ್ಲುವವನು ನಾನು. ಕೈಯಲ್ಲಿ ನಾನಕಟಾಯಿಯ ಬಿಸಿ ಪೊಟ್ಟಣ ಹಿಡಿದು ಅಲ್ಲಿಯೇ ನಿಂತಿದ್ದೆ. ನನ್ನ ಬಸ್ಸು ಬಂತು, ಮಂದಿಯನ್ನು ಹತ್ತಿಸಿಕೊಂಡಿತು, ಹೋಯಿತು.