ಬೇವಿನೆಲೆಯ ಬೈಗುಳ

ವಸಂತ ಬಂತೆಂದು ಬರೆಯುವವರೆಲ್ಲ ಮೊದಲು ಕೋಗಿಲೆಯನ್ನು ಕರೆತರುತ್ತಾರೆ. ಚನ್ನಗಿರಿಯ ನಮ್ಮ ಹಿತ್ತಲಿಗೂ ಒಂದು ಕೋಗಿಲೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಶುದ್ಧ ಸೋಮಾರಿ. ಊರಿಗೆಲ್ಲ ಗೊತ್ತಾದ ಮೇಲೆ ಬಂದು ಕೂಗುತ್ತದೆ. ನಮಗೆ ಮೊದಲು ಸುದ್ದಿ ಮುಟ್ಟಿಸುತ್ತಿದ್ದವಳು ಪಕ್ಕದ ಮನೆಯ ಅಜ್ಜಿ.

ಸಂಕ್ರಾಂತಿ ಕಳೆದು ಚಳಿ ಸಡಿಲವಾಗುತ್ತಿದ್ದಂತೆ ನಮ್ಮ ಬೇವಿನ ಮರ ಎಲೆ ಉದುರಿಸಲು ಶುರುಮಾಡುತ್ತದೆ. ಬುಡ ನಮ್ಮದು, ದೊಡ್ಡ ಕೊಂಬೆ ಮಾತ್ರ ಕಾಂಪೌಂಡ್ ದಾಟಿ ಅಜ್ಜಿಯ ಹಿತ್ತಲಿಗೆ ಚಾಚಿದೆ. ಆಕೆ ಸಂಡಿಗೆ ಇಡುವ ಕಾಲವೂ ಅದೇ. ಮಂಚದ ಮೇಲೆ ಹಳೆ ಪಂಚೆ ಹಾಸಿ, ಹಿಟ್ಟು ಬಿಟ್ಟು, ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಗಾಳಿ ಬೀಸಿ ಹಳದಿ ಎಲೆಗಳು ಹಸಿ ಸಂಡಿಗೆಯ ಮೇಲೆ ಕೂರುತ್ತಿದ್ದವು.

"ಏ ಟೀಚರಮ್ಮ, ನಿನ್ ಮರಕ್ಕೆ ಗೆದ್ಲು ಹಿಡಿಯಾ. ಉದುರಾಕೆ ನಿನ್ ತಲಿ ಮೇಲೆ ಜಾಗ ಇಲ್ವೇನೆ?"

ಮಕ್ಕಳ ಬಾಯಿ ಮುಚ್ಚಿಸಿಯೇ ನಾನು ಸಂಬಳ ತೆಗೆದುಕೊಳ್ಳುವುದು. ಅಜ್ಜಿಯ ಹತ್ತಿರ ಆ ವಿದ್ಯೆ ನಡೆಯುತ್ತಿರಲಿಲ್ಲ. ಬೈಗುಳ ನನ್ನಿಂದ ಹೊರಟು, ಮರ ನೆಟ್ಟ ನಮ್ಮ ಮಾವನವರನ್ನು ಮುಟ್ಟಿ, ನನ್ನ ತವರಿಗೆ ಹೋಗಿ ಬರುತ್ತಿತ್ತು. ನಾನೂ ಬಿಡುವವಳಲ್ಲ. "ನೆಳ್ಳು ಬೇಕು, ಎಲಿ ಬ್ಯಾಡ ಅಂದ್ರೆ ಹೆಂಗಜ್ಜಿ?" ಎನ್ನುತ್ತಿದ್ದೆ. ಸಂಜೆ ಡಬ್ಬಿ ತುಂಬ ಸಂಡಿಗೆ ಬರುತ್ತಿತ್ತು, ಎಲೆ ಅಂಟಿದವನ್ನೇ ಆರಿಸಿ ತುಂಬಿದ್ದು. ಕರಿದು ತಿಂದರೆ ಕಹಿ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ.

ಈ ವರ್ಷ ಎಲೆ ಬಿದ್ದವು. ಬೈಗುಳ ಬರಲಿಲ್ಲ.

ದೀಪಾವಳಿಯ ನಂತರ ಅಜ್ಜಿಗೆ ಲಕ್ವ ಹೊಡೆದಿತ್ತು. ದಾವಣಗೆರೆಯ ಆಸ್ಪತ್ರೆಯಿಂದ ಬಂದ ಮೇಲೆ ಕೋಲು ಹಿಡಿದು ನಡೆಯುತ್ತಿದ್ದಳು, ಊಟ ಮಾಡುತ್ತಿದ್ದಳು, ಮಾತು ಮಾತ್ರ ಇಲ್ಲ. ನೋಡಲು ಹೋದವರೆಲ್ಲ ಬೆಲ್ಲದಂಥ ಮಾತಾಡಿ ಬರುತ್ತಿದ್ದರು. ನಾನೂ ಮೂಸಂಬಿ ಹಿಡಿದು ಹೋಗಿ, "ಎಲ್ಲ ಆರಾಮಾಗ್ತೈತೆ ಬಿಡಜ್ಜಿ" ಎಂದೆ. ಆಕೆ ಮುಖ ತಿರುಗಿಸಿಬಿಟ್ಟಳು. ನನ್ನ ಬಾಯಲ್ಲಿ ಅಷ್ಟು ಸಿಹಿ ಮಾತು ಕೇಳಿ, ತನ್ನ ಕಾಲ ಹತ್ತಿರ ಬಂತೆಂದೇ ಅನಿಸಿರಬೇಕು.

ಬಾಗಿಲವರೆಗೆ ಬಂದ ಅಜ್ಜಿಯ ಸೊಸೆ ಸಣ್ಣ ದನಿಯಲ್ಲಿ ಹೇಳಿದಳು: "ಮಾತು ಬರ್ತೈತಂತೆ ಅಕ್ಕ, ಪ್ರಯತ್ನ ಮಾಡ್ಬೇಕಂತೆ. ಒಂದ್ಸಲ ಮಾತಾಡಾಕೆ ಹೋಗಿ ತೊದಲಿದ್ರು. ಆವತ್ತಿಂದ ಅತ್ತೆ ಬಾಯೇ ಬಿಟ್ಟಿಲ್ಲ, ನಾಚಿಕಿ ಅವ್ರಿಗೆ. ಹಿಂಗೇ ಬಿಟ್ರೆ ಬರೋ ಮಾತೂ ಹೋಗ್ತೈತೆ ಅಂದ್ರು ಡಾಕ್ಟ್ರು."

ಓಣಿಯನ್ನೇ ನಡುಗಿಸಿದ ನಾಲಿಗೆಗೆ ತೊದಲುವುದೆಂದರೆ ಅವಮಾನವೇ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಹಿತ್ತಲು ಗುಡಿಸುತ್ತಿದ್ದೆ. ನುಗ್ಗೆ ಹೂವಿಗೆ ಜೇನು ಮುತ್ತಿತ್ತು. ಅರ್ಧ ಬೋಳಾದ ಬೇವಿನ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಇಣುಕಿತ್ತು. ಇಷ್ಟೆಲ್ಲ ನಡೆದರೂ ಗೋಡೆಯಾಚೆ ಸದ್ದಿಲ್ಲ. ಇಣುಕಿದೆ. ಸೊಸೆ ಮಂಚದ ಮೇಲೆ ಸಂಡಿಗೆ ಇಟ್ಟು ಒಳಗೆ ಹೋಗಿದ್ದಳು. ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎಲೆ ಬೀಳುವುದನ್ನು ನೋಡುತ್ತ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯನ್ನು ನನಗೆ ತಡೆಯಲಾಗಲಿಲ್ಲ.

ಗುಡಿಸಿದ ಎಲೆಯನ್ನೆಲ್ಲ ಪುಟ್ಟಿಗೆ ತುಂಬಿದೆ, ಬಟ್ಟೆ ಒಗೆಯುವ ಕಲ್ಲು ಹತ್ತಿದೆ, ಪೂರಾ ಪುಟ್ಟಿಯನ್ನು ಆಚೆಗೆ ಸುರಿದೆ. ಅರ್ಧ ನೆಲಕ್ಕೆ, ಅರ್ಧ ಸಂಡಿಗೆಗೆ.

ಹಲ್ಲುಜ್ಜುತ್ತಿದ್ದ ನನ್ನ ಗಂಡ ಬ್ರಷ್ ಹಿಡಿದುಕೊಂಡೇ ಓಡಿಬಂದರು. "ತಲಿ ಕೆಟ್ಟೈತೇನೆ ನಿನಗೆ? ಹುಷಾರಿಲ್ದೋರ ಮ್ಯಾಲೆ ಕಸ ಸುರೀತೀಯಲ್ಲ."

ನಾನು ಅವರ ಕಡೆ ತಿರುಗಲಿಲ್ಲ. "ಏನಜ್ಜಿ, ಈ ವರ್ಷ ಕೇಳೋರೇ ಇಲ್ಲ ನನ್ನ. ನಾಳೆಯಿಂದ ದಿನಾ ಇಲ್ಲೇ ಸುರೀತೀನಿ."

ಅಜ್ಜಿ ನನ್ನನ್ನು ನೋಡಿದಳು, ಸಂಡಿಗೆ ನೋಡಿದಳು. ಕೋಲು ನೆಲಕ್ಕೆ ಬಡಿಯಿತು. ಬಾಯಿ ಒಂದು ಕಡೆಗೆ ಎಳೆಯಿತು, ಕುತ್ತಿಗೆಯ ನರ ಉಬ್ಬಿತು. ಏನಾದರೂ ಆಗಿಬಿಟ್ಟರೆ ಎಂದು ಗೋಡೆ ಹಿಡಿದುಕೊಂಡೆ.

"ಗೆ... ಗೆದ್... ಗೆದ್ಲು."

ಒಳಗಿನಿಂದ ಸೊಸೆ ಹಿಟ್ಟಿನ ಸೌಟು ಹಿಡಿದೇ ಓಡಿಬಂದಳು. ನನ್ನ ಕಣ್ಣು ತುಂಬಿ ಅಜ್ಜಿ ಮಂಜಾಗಿ ಕಾಣುತ್ತಿದ್ದಳು. ಆದರೂ ಬಿಡಲಿಲ್ಲ.

"ಗೆದ್ಲು ಏನಜ್ಜಿ? ಪೂರ್ತಿ ಹೇಳು."

"ಹಿ... ಹಿಡಿಯಾ," ಎಂದಳು. ಜೊಲ್ಲು ಸುರಿಯಿತು. ಸೆರಗಿನಿಂದ ತಾನೇ ಒರೆಸಿಕೊಂಡಳು. ಸೊಸೆ ಅಲ್ಲೇ ನೆಲಕ್ಕೆ ಕೂತು ಅತ್ತಳು.

ಮರುದಿನ ಶಾಲೆಗೆ ಹೊರಡುವ ಮೊದಲು ಪುಟ್ಟಿ ತುಂಬಿಕೊಂಡು ಕಲ್ಲು ಹತ್ತಿದೆ. ಸಂಡಿಗೆ ಮಂಚವನ್ನು ಯಾರೋ ದೂರ ಸರಿಸಿದ್ದರು. ಅಜ್ಜಿಯ ಕುರ್ಚಿ ಮಾತ್ರ ಗೋಡೆಯ ಬುಡಕ್ಕೇ ಬಂದಿತ್ತು. ನಾನು ಪುಟ್ಟಿ ಎತ್ತುವ ಮೊದಲೇ ಆಕೆ ಬಾಯಿ ತೆರೆದಿದ್ದಳು.