ಶುಭ ಶುಕ್ರವಾರದ ಅಳು

ಪ್ರಸಂಗಕ್ಕೆ, ಅಂದರೆ ಚರ್ಚಿನ ಉಪದೇಶಕ್ಕೆ, ನಿಂತರೆ ಟೀಚರಮ್ಮನ ಕೊರಳ ನರ ಬೆರಳ ಗಾತ್ರ ಉಬ್ಬುತ್ತಿತ್ತು. ಕೂಡ್ಲಿಗಿಯ ನಮ್ಮ ಚರ್ಚಿನಲ್ಲಿ ಮಕ್ಕಳಿಗೆಲ್ಲ ಬೈಬಲ್ ಹೇಳಿಕೊಟ್ಟವರು ಅವರೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ, ಪುಸ್ತಕ ಮುಚ್ಚಿಟ್ಟು ಮಾತಾಡುತ್ತಿದ್ದರು. ವಚನ ತಪ್ಪು ಹೇಳಿದವರಿಗೆ ಮೊದಲು ಬೈಗುಳ, ಆಮೇಲೆ ಶೇಂಗಾ ಉಂಡಿ.

ಕ್ರೈಸ್ತರ ಮೊದಮೊದಲ ಕಾಲದ ಆದಿಸಭೆಯ ಬೋಧಕರಲ್ಲಿ ಕೆಲವರು ಪ್ರಸಂಗವನ್ನು ಪದ್ಯವಾಗಿಯೇ ಕಟ್ಟುತ್ತಿದ್ದರು, ಶಿಲುಬೆಯ ಬುಡದಲ್ಲಿ ನಿಂತ ಯೇಸುವಿನ ತಾಯಿ ಮರಿಯಳ ಅಳುವನ್ನೂ ಹಾಡಾಗಿಸಿದ್ದರು ಎಂದು ಟೀಚರಮ್ಮ ಓದಿಕೊಂಡಿದ್ದರು. "ಅವರು ಕಟ್ಟಿದಂಥದ್ದನ್ನ ನಮ್ಮ ಹೆಣ್ಮಕ್ಕಳೂ ಕಟ್ಟತಾರಲ್ಲ!" ಎನ್ನುತ್ತಿದ್ದರು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಬರೀ ಅಳುವುದಿಲ್ಲ. ಸತ್ತವರನ್ನು ಕರೆದು, ಅವರು ಬದುಕಿದ್ದನ್ನೆಲ್ಲ ಎತ್ತಾಡಿಕೊಂಡು, ರಾಗ ಮಾಡಿ ಅಳುತ್ತಾರೆ. ಒಂದು ಶುಭ ಶುಕ್ರವಾರ, ಯೇಸು ನೀರಡಿಕೆ ಎನ್ನುತ್ತ ಶಿಲುಬೆಯ ಮೇಲೆ ಸತ್ತ ದಿನ, ಟೀಚರಮ್ಮ ಪ್ರಸಂಗದ ನಡುವೆ ಮರಿಯಳಾಗಿ ಹಾಗೇ ಅತ್ತರು.

"ನೀರಡಿಕಿ ಅಂದೆಲ್ಲೋ ನನ್ನ ಕಂದಾ, ಕೊಡ ತುಂಬಿಸ್ಕೊಂಡು ನಿಂತೀನೋ, ತುಟಿಗೆ ಮುಟ್ಟಸಾಕ ಬಿಡವಲ್ರಲ್ಲೋ!"

ಹೆಂಗಸರೆಲ್ಲ ದನಿಗೂಡಿಸಿದರು. ನನ್ನ ಅಣ್ಣ ಸತ್ತಾಗಲೂ ಬಾಯಿ ಬಿಡದೆ ಕಲ್ಲಾಗಿ ಕೂತಿದ್ದ ಅವ್ವ, ಅಂದು ಅವನ ಹೆಸರು ಹಿಡಿದು ಅತ್ತಳು. ಎಷ್ಟೋ ದಿನಗಳ ಮೇಲೆ ಆ ರಾತ್ರಿ ಹೊಟ್ಟೆ ತುಂಬ ಉಂಡಳು.

ಸಭೆಯ ಹಿರಿಯರೊಬ್ಬರಿಗೆ ಇದು ನಾಚಿಕೆಗೇಡಾಗಿ ಕಂಡಿತು. ಆರಾಧನೆ ಮುಗಿಯುತ್ತಲೇ ಎದ್ದು ನಿಂತರು.

"ಟೀಚರಮ್ಮ, ಇದು ಚರ್ಚ್ ಐತ್ರಿ, ಸತ್ತವರ ಮನಿ ಅಲ್ಲ."

"ಇವತ್ತೊಂದಿನ ಸತ್ತವರ ಮನೀನ ಐತಲ್ರಿ," ಎಂದರು ಟೀಚರಮ್ಮ.

ಹಿರಿಯರು ಅಧಿಕಾರ ತೋರಿಸಿದರು. ಮರುವರ್ಷದಿಂದ ಟೀಚರಮ್ಮನಿಗೆ ಪ್ರಸಂಗವಿಲ್ಲ, ಮೈಕಿಲ್ಲ. ಬದಲಿಗೆ ಬಳ್ಳಾರಿಯಿಂದ ಕೀಬೋರ್ಡು ಬಂತು. ಅದರ ಸದ್ದಿನಲ್ಲಿ ಅವ್ವ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಯಾವ ದೇವರಿಗೆ ಬೇಕಿತ್ತು ಈ ಮರ್ಯಾದೆ? ಹೆತ್ತವಳ ಅಳುವಿಗೆ ಹೇಸುವವರು ಗೋಡೆಗೆ ಶಿಲುಬೆ ಯಾಕೆ ತಗುಲಿಹಾಕಬೇಕು? ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಟೀಚರಮ್ಮ ಕೇಳಿದ್ದು ಹೊಗಳಿಕೆಯಲ್ಲ, ಪದವಿಯಲ್ಲ. ವರ್ಷಕ್ಕೊಂದು ಶುಕ್ರವಾರ ಹೆಂಗಸರು ದೇವರ ಮುಂದೆ ಬಾಯಿ ಬಿಟ್ಟು ಅಳಲಿ ಅಂತ, ಅಷ್ಟೇ. ಅದನ್ನೂ ಕೊಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಶವಪೆಟ್ಟಿಗೆಯ ತಲೆಯ ಬಳಿ ಅದೇ ಹಿರಿಯರು ಮೈಕ್ ಹಿಡಿದು, ಟೀಚರಮ್ಮನ ಸೇವೆಯನ್ನು ಬಾಯಿ ತುಂಬ ಹೊಗಳಿದರು. ಎಂಥ ಧೈರ್ಯ! ಹೊಗಳಿ ಮುಗಿಸಿ, "ಯಾರೂ ಜೋರಾಗಿ ಅಳಬ್ಯಾಡ್ರಿ, ಪ್ರಾರ್ಥನಿ ಮಾಡೂನು," ಎಂದರು.

ಅವ್ವ ಎದ್ದಳು. ಜನರನ್ನು ಸರಿಸಿಕೊಂಡು ಹೋಗಿ ಪೆಟ್ಟಿಗೆ ತಬ್ಬಿಕೊಂಡಳು.

"ಕಟ್ಟಿದ್ದ ನನ್ನ ಬಾಯಿ ಬಿಡಿಸಿದಾಕಿ ನೀ! ನಿನ್ನ ಹ್ಯಾಂಗ ಸುಮ್ಮನ ಕಳಸಲಿ ನನ್ನವ್ವಾ!"

ಒಬ್ಬೊಬ್ಬರಾಗಿ ಹೆಂಗಸರೆಲ್ಲ ಎತ್ತಿಕೊಂಡರು. ಹಿರಿಯರು ಮೈಕಿನಲ್ಲಿ ಪ್ರಾರ್ಥನೆ ಮುಂದುವರಿಸಿದರು. ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ.