ಬಿಚ್ಚಬ್ಯಾಡಿ ಡಾಕ್ಟ್ರು

ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಕಾಫಿ ಪುಡಿ ಅಂಗಡಿ ತೆರೆದಿದ್ದಾರೆ. ಬೀಜ ಹುರಿಯುವ ಘಮಕ್ಕೆ ಎಲ್ಲರೂ ಮೂಗರಳಿಸಿದರೆ ನಾನು ಸೆರಗು ಅಡ್ಡ ಹಿಡಿದು ದಾಟುತ್ತೇನೆ. ಕೊಳ್ಳೇಗಾಲದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ನರ್ಸಾಗಿ ಸವೆದವಳು ನಾನು. ನಮ್ಮ ಕಡೆ ರಕ್ತ ಸುರಿದರೆ ಗಾಯಕ್ಕೆ ಮೊದಲು ಮೆತ್ತುವುದೇ ಕಾಫಿ ಪುಡಿ. ಅದನ್ನು ತೊಳೆದು ತೊಳೆದು ಬೇಸತ್ತಿದ್ದ ನಮ್ಮ ಸರ್ಜನ್ ಸಾಹೇಬರು ನೆನಪಾಗುತ್ತಾರೆ…

ಬಂಡಳ್ಳಿ ಕಡೆಯವರು. ಮುಂಗೋಪಿ. ಬೈದ ಮೇಲೆ ತಾವೇ ಟೀ ತರಿಸುತ್ತಿದ್ದರು.

ಒಮ್ಮೆ ರಾಮಾಪುರದಿಂದ ಒಬ್ಬನನ್ನು ತಂದರು. ಟ್ರ್ಯಾಕ್ಟರ್ ಮಗುಚಿ ತೊಡೆ ಸೀಳಿತ್ತು. ಊರಲ್ಲೇ ಗಟ್ಟಿಯಾಗಿ ಕಟ್ಟಿದ್ದರಂತೆ. ಹನೂರಿನಲ್ಲಿ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಮುಂದಕ್ಕೆ ಕಳಿಸಿದ್ದರು. ದಾರಿಯಲ್ಲಿ ಸೋದರಮಾವ ಹತ್ತಿಕೊಂಡಾಗ ಅವರಿಗೂ ಬಿಚ್ಚಿ ತೋರಿಸಿದ್ದರು.

"ಯಾಕ್ರಯ್ಯಾ ಬಿಚ್ಚುದ್ರಿ?" ಸಾಹೇಬರು ಕೂಗಿದರು.

"ಮಾವ ನೋಡ್ಬೇಕು ಅಂದ್ರು ಸಾ," ಎಂದ ಅವನ ಅಣ್ಣ.

ಆಪರೇಷನ್ ಮೇಜಿನ ಮೇಲೆ ಮಲಗಿಸುವಷ್ಟರಲ್ಲಿ ಅವನ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಅಂದು ಸಾಹೇಬರು ಟೀ ಕುಡಿಯಲಿಲ್ಲ.

ಆಮೇಲೆ ಭಾನುವಾರವೆಲ್ಲ ಅವರದು ತಿರುಗಾಟ. ಹನೂರು, ಯಳಂದೂರು, ಅತ್ತ ಪಾಲಾರ್‌ವರೆಗೂ. ನರ್ಸುಗಳು, ಆಂಬುಲೆನ್ಸಿನವರು, ಟೆಂಪೊ ಡ್ರೈವರುಗಳು, ಎಲ್ಲರಿಗೂ ಒಂದೇ ಪಾಠ: ಒತ್ತಿ ಕಟ್ಟಿ, ನಮಗೆ ಫೋನ್ ಮಾಡಿ, ಹೊರಡಿ. ರಕ್ತ ಸೋರಿದರೆ ಮೇಲೊಂದು ಬಟ್ಟೆ ಇಟ್ಟು ಒತ್ತಿ. ಬಿಚ್ಚುವವನು ನಾನೊಬ್ಬನೇ, ಮೇಜಿನ ಮೇಲೆ. ಫೋನ್ ಬಂದ ಕೂಡಲೇ ನಾವು ಮೇಜು, ರಕ್ತ ಸಿದ್ಧ ಮಾಡಿ ಬಾಗಿಲಲ್ಲಿ ನಿಲ್ಲಬೇಕಿತ್ತು. ಜನ "ಬಿಚ್ಚಬ್ಯಾಡಿ ಡಾಕ್ಟ್ರು" ಎಂದು ಹೆಸರಿಟ್ಟು ನಕ್ಕರು. ನಗುತ್ತಲೇ ಬಿಚ್ಚುವುದನ್ನು ಬಿಟ್ಟರು. ಉಳಿಯುವುದಿಲ್ಲ ಎಂದು ನಾವು ಅಂದುಕೊಂಡಿದ್ದವರು ನಡೆದುಕೊಂಡು ಮನೆಗೆ ಹೋದರು. ಸಾಹೇಬರಿಗೆ ಆಗದ ಮಾತು ಒಂದೇ, ಮುಂದಕ್ಕೆ ಕಳಿಸುವುದು. "ಮುಂದ್ಕೆ ಅಂದ್ರೆ ಎಲ್ಗಮ್ಮಾ, ಸುಡುಗಾಡ್ಗಾ?" ಎಂದು ರೇಗುತ್ತಿದ್ದರು.

ಅವರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರೊಬ್ಬರು ಊರು ನೋಡಿ ಹೊರಟುಹೋದರು. ಆಮೇಲೆ ಯಾರೂ ಬರಲಿಲ್ಲ. ಫೋನ್ ಮಾತ್ರ ಬರುತ್ತಲೇ ಇತ್ತು. ನಾವು ರೂಢಿಯಂತೆ ಮೇಜು ಸಿದ್ಧ ಮಾಡುತ್ತಿದ್ದೆವು, ಡ್ಯೂಟಿ ಡಾಕ್ಟರು ರಕ್ತ ಏರಿಸಿ ಮೈಸೂರಿಗೆ ಕಳಿಸಲು ಚೀಟಿ ಬರೆಯುತ್ತಿದ್ದರು.

ಒಂದು ಮಧ್ಯಾಹ್ನ ಯಳಂದೂರಿನಿಂದ ಫೋನ್. ಸ್ಕೂಟರಿಗೆ ಲಾರಿ ತಾಗಿದೆ, ವಯಸ್ಸಾದವರು, ಕಟ್ಟಿದ್ದೇವೆ, ಬಿಚ್ಚಿಲ್ಲ ಎಂದರು. ನಾವು ಬಾಗಿಲಲ್ಲಿ ನಿಂತೆವು. ಸ್ಟ್ರೆಚರ್ ಇಳಿಸಿದಾಗ ಮೊದಲು ಮೂಗಿಗೆ ಬಡಿದದ್ದು ಕಾಫಿ ಪುಡಿ. ಆಮೇಲೆ ಮುಖ ಕಂಡಿತು… ನಮ್ಮ ಸಾಹೇಬರದು.

"ಯಾವ್ ತಾಯೋ ಕಾಫಿ ಪುಡಿ ಮೆತ್ತವ್ಳೆ ಕಣಮ್ಮಾ," ಎಂದು ನಗಲು ನೋಡಿದರು. "ಮೇಜು ರೆಡಿನಾ?"

"ರೆಡಿ ಸಾ."

ಅವರು ನನ್ನ ಹಿಂದಕ್ಕೆ ನೋಡಿದರು. ಅಲ್ಲಿ ಸರ್ಜನ್ ಯಾರೂ ಇರಲಿಲ್ಲ. ಕೊನೆಗೆ ಅವರೇ ಕಣ್ಣು ಮುಚ್ಚಿಕೊಂಡು ಹೇಳಿದರು, "ಬಿಚ್ಚಬ್ಯಾಡಿ. ಮುಂದ್ಕೆ ಕಳ್ಸಿ."

ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಕೂತೆ, ಕಟ್ಟಿನ ಮೇಲೊಂದು ಬಟ್ಟೆ ಇಟ್ಟು ಒತ್ತುತ್ತ. ಮೈಸೂರಿನ ಅರ್ಧ ದಾರಿಯಲ್ಲಿ, ನರಸೀಪುರ ದಾಟಿದ ಮೇಲೆ ಒತ್ತುವ ಅಗತ್ಯ ಉಳಿಯಲಿಲ್ಲ…

ಇವತ್ತು ಅಂಗಡಿಯವನು, "ಬನ್ನಿ ಅಮ್ಮಾ, ಕಾಲ್ ಕೆಜಿ ಕಟ್ಲಾ?" ಎಂದು ಕರೆದ. ಬೇಡಪ್ಪಾ ಎಂದು ಬಂದೆ. ಸಾಹೇಬರ ಜಾಗ ಇನ್ನೂ ಖಾಲಿಯೇ ಇದೆಯಂತೆ. ಫೋನ್ ಬಂದರೆ ನಮ್ಮ ಹುಡುಗಿಯರು ಈಗಲೂ ಮೇಜು ಸಿದ್ಧ ಮಾಡಿ ಬಾಗಿಲಲ್ಲಿ ನಿಲ್ಲುತ್ತಾರೆ.